ಸೈನೈಡ್ ದಿಬ್ಬದ ನೀರಿನ ಲೆಕ್ಕ

ಕೋಲಾರದ ಚಿನ್ನದ ಗಣಿ ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಸಿನಿಮಾದಲ್ಲಾದರೂ ನೋಡದವರಿಲ್ಲ. ಕಳೆದ ಬೇಸಿಗೆಯಲ್ಲಿ ಅವುಗಳ ಬುಡದಲ್ಲಿ ನಿಂತಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಳೆ ಕೊರೆದ ಒಂದು ಕೊರಕಲು. ಅದರ ಗೋಡೆಯ ತುಂಬ ಪದರದ ಮೇಲೆ ಪದರ: ಬೂದು, ತಿಳಿಹಳದಿ, ಮತ್ತೆ ಬೂದು. ಒಂದೊಂದೂ ಒಂದಾನೊಂದು ದಿನ ಇಲ್ಲಿ ಹರಿದು ನಿಂತ ಬಗ್ಗಡ. ಒರಟು ಮರಳು ಮೊದಲು ತಳ ಸೇರಿದೆ, ನುಣುಪು ಪುಡಿ ತಡವಾಗಿ ಅದರ ಮೇಲೆ ಕೂತಿದೆ. ಉಗುರಿನಿಂದ ಕೆರೆದರೆ ಒಂದು ಪದರ ಪುಡಿಯಾಗುತ್ತದೆ, ಇನ್ನೊಂದು ಹೆಂಟೆಯಾಗಿ ಕಳಚುತ್ತದೆ. ಬಿಸಿಲು ಏರಿದರೂ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿದ್ದು ಗೊತ್ತಿರುವ ಕಥೆ. ಬಂಡೆಯನ್ನು ಕುಟ್ಟಿ, ನೀರಲ್ಲಿ ಕಲಸಿ, ಸೈನೈಡ್‌ನಿಂದ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಕೆಸರು ಬಯಲಿಗೆ ಬಂತು. ಅದನ್ನು ಒಣಗಿಸಿದ್ದು ಪುಕ್ಕಟೆ ಬಿಸಿಲು. ಬಿಸಿಲಿಗೆ ಸೈನೈಡ್ ಒಡೆಯುತ್ತದೆ, ನಿಜ. ಆದರೆ ಒಣಗಿದ ದೂಳು ಗಾಳಿಗೆದ್ದು ಕಾರ್ಮಿಕರ ಕಾಲೊನಿಗಳ ಮೇಲೆ ಬೀಳುತ್ತದೆ.

ಈಗ ಇದೇ ದಿಬ್ಬಗಳಿಂದ ಅಳಿದುಳಿದ ಚಿನ್ನ ತೆಗೆಯುವ ಮಾತು. 13 ದಿಬ್ಬ, ಸುಮಾರು 3.3 ಕೋಟಿ ಟನ್. ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಚಿನ್ನದ ಲೆಕ್ಕ ಎಲ್ಲರೂ ಹೇಳುತ್ತಾರೆ. ನನಗೆ ಬೇಕಿರುವುದು ನೀರಿನ ಲೆಕ್ಕ. ಪುಡಿಯನ್ನು ಮತ್ತೆ ಬಗ್ಗಡ ಮಾಡಲೇಬೇಕು. ನೂರು ಕಿಲೊ ಬಗ್ಗಡದಲ್ಲಿ ನಲವತ್ತು ಕಿಲೊ ಪುಡಿ ಎಂದಿಟ್ಟುಕೊಂಡರೂ ಇಷ್ಟೂ ರಾಶಿಗೆ ಸುಮಾರು 5 ಕೋಟಿ ಟನ್ ನೀರು. ಕೆರೆ ತುಂಬಿಸಲು ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಿಂದ ತರಿಸಿಕೊಳ್ಳುವ ಜಿಲ್ಲೆ ಇದು!

ನೀರನ್ನು ಹಿಂದಕ್ಕೆ ಪಡೆಯುವ ದಾರಿ ಇದೆ. ನುಣುಪು ಕಣಗಳು ಒಂದೇ ಬಗೆಯ ವಿದ್ಯುದಂಶ ಹೊತ್ತು ಪರಸ್ಪರ ದೂರ ತಳ್ಳುವುದರಿಂದ ಬೇಗ ತಳ ಹಿಡಿಯುವುದಿಲ್ಲ. ಪಾಲಿಮರ್ ಬೆರೆಸಿದರೆ ಮುದ್ದೆಗಟ್ಟಿ ಥಿಕನರ್ ತೊಟ್ಟಿಯ ತಳಕ್ಕಿಳಿಯುತ್ತವೆ, ಮೇಲಿನ ತಿಳಿನೀರು ಗಿರಣಿಗೆ ಮರಳುತ್ತದೆ. ಉಳಿದ ಗಟ್ಟಿ ಕೆಸರನ್ನು ಫಿಲ್ಟರ್ ಪ್ರೆಸ್, ಬಟ್ಟೆಯಲ್ಲಿ ಕಾಯಿಹಾಲು ಹಿಂಡಿದಂತೆ, ಹಿಂಡುತ್ತದೆ. ಹಿಂಡಿದ ಹಿಂಡಿಯಲ್ಲಿ ತೇವ ಶೇ 15ಕ್ಕೆ ಇಳಿದರೆ, ಬಳಸಿದ ನೀರಿನಲ್ಲಿ ಸುಮಾರು ಎಂಟರಲ್ಲೊಂದು ಪಾಲು ಮಾತ್ರ ಅದರೊಂದಿಗೆ ಹೋಗುತ್ತದೆ.

ಯಂತ್ರ ದುಬಾರಿ, ಅದರ ಬಟ್ಟೆ ಸವೆಯುತ್ತದೆ, ಕರೆಂಟು ತಿನ್ನುತ್ತದೆ. ಕೆಸರನ್ನು ಕೊಳದಲ್ಲಿ ನಿಲ್ಲಿಸುವುದೇ ಅಗ್ಗ ಎಂದು ಗುತ್ತಿಗೆದಾರರು ಹೇಳಿಯೇ ಹೇಳುತ್ತಾರೆ. ಆ ಮಾತಿಗೆ ಮಣಿಯಬಾರದು. ಟನ್ನಿಗೆ ಎಷ್ಟು ನೀರು ಮರಳಿತು ಎಂಬುದು ಟೆಂಡರಿನ ಕರಾರಿನಲ್ಲೇ ಬರಬೇಕು. ಆ ಅಂಕಿ ಪ್ರತಿ ತಿಂಗಳೂ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಜನರ ಕಣ್ಣಿಗೆ ಬೀಳಬೇಕು.