ನಿಮಗಿದು ಗೊತ್ತೇ? ಒಂದು ಕಾಮಿಕ್ಸ್ ಪುಟಕ್ಕೆ 25 ಕೋಟಿ!

★ 2022ರ ಜನವರಿಯಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಹೆರಿಟೇಜ್ ಸಂಸ್ಥೆ ನಡೆಸಿದ ಹರಾಜಿನಲ್ಲಿ ಸ್ಪೈಡರ್‌ಮ್ಯಾನ್ ಇರುವ ಒಂದೇ ಒಂದು ಕಾಮಿಕ್ಸ್ ಪುಟ 33.6 ಲಕ್ಷ ಡಾಲರಿಗೆ ಹೋಯಿತು. ಅಂದಿನ ಲೆಕ್ಕದಲ್ಲಿ ಸುಮಾರು 25 ಕೋಟಿ ರೂಪಾಯಿ. ಮಾರಾಟವಾದದ್ದು ಅಚ್ಚಾದ ಪುಸ್ತಕವಲ್ಲ, ಅಚ್ಚಿಗೆ ಕಳಿಸಲೆಂದು ಕಲಾವಿದ ಮೈಕ್ ಝೆಕ್ ದಪ್ಪ ಹಾಳೆಯ ಮೇಲೆ ಬರೆದ ಮೂಲಚಿತ್ರ. 1984ರ ‘ಸೀಕ್ರೆಟ್ ವಾರ್ಸ್’ ಮಾಲೆಯ 8ನೇ ಸಂಚಿಕೆಯ 25ನೇ ಪುಟ ಅದು. ಅಮೆರಿಕದ ಕಾಮಿಕ್ಸ್‌ನ ಯಾವ ಒಳಪುಟಕ್ಕೂ ಅದುವರೆಗೆ ಅಷ್ಟು ಬೆಲೆ ಬಂದಿರಲಿಲ್ಲ.

★ ಅದರಲ್ಲಿ ಅಂಥದ್ದೇನಿದೆ? ಸ್ಪೈಡರ್‌ಮ್ಯಾನ್‌ಗೆ ಕರಿ ಉಡುಪು ಸಿಕ್ಕಿದ್ದು ಹೇಗೆ ಎಂಬುದನ್ನು ಆ ಪುಟ ತೋರಿಸುತ್ತದೆ. ಆ ಉಡುಪಿನಿಂದಲೇ 1988ರಲ್ಲಿ ವೆನಮ್ ಎಂಬ ಖಳ ಹುಟ್ಟಿಕೊಂಡ, ಆಮೇಲೆ ಅವನ ಹೆಸರಿನಲ್ಲೇ ಸಿನಿಮಾಗಳು ಬಂದವು. ಝೆಕ್ ಬರೆಯುವಾಗ ವೆನಮ್ ಇರಲೇ ಇಲ್ಲ! ಪುಟದ ಮೇಲೆ ಒಂದು ಗೆರೆಯೂ ಹೆಚ್ಚಾಗಲಿಲ್ಲ, ಬೆಲೆ ಮಾತ್ರ ಏರುತ್ತಲೇ ಹೋಯಿತು. ಈ ಮಾರುಕಟ್ಟೆಯನ್ನು ಅರಿಯಬೇಕೆನ್ನುವವರು ಮೊದಲು ತಿಳಿಯಬೇಕಾದ ಸಂಗತಿ ಇದು: ಕೈಚಳಕಕ್ಕೆ ಒಂದು ಬೆಲೆ, ಓದುಗರ ನೆನಪಿಗೆ ಅದರ ಹತ್ತು ಪಟ್ಟು.

★ ಇಷ್ಟು ಬೆಲೆಯ ಹಾಳೆಗಳನ್ನು ಒಂದು ಕಾಲದಲ್ಲಿ ಪ್ರಕಾಶಕರೇ ನಾಶ ಮಾಡುತ್ತಿದ್ದರು. ಅಚ್ಚಾದ ಮೇಲೆ ಮೂಲಚಿತ್ರಕ್ಕೆ ಕೆಲಸವಿಲ್ಲವೆಂಬ ಭಾವನೆ. ಸೂಪರ್‌ಮ್ಯಾನ್‌ನ ತವರಾದ ಡಿಸಿ ಕಾಮಿಕ್ಸ್‌ನಲ್ಲಿ 1960ರ ದಶಕದಲ್ಲೂ ಅವುಗಳನ್ನು ಕತ್ತರಿಸಿ ಎಸೆಯುವ ವಾಡಿಕೆ ಇತ್ತು. ಬರೆದವನ ಒಪ್ಪಿಗೆ ಕೇಳುವ ಪ್ರಶ್ನೆಯೇ ಇರಲಿಲ್ಲ.

★ ಒಬ್ಬ ಪ್ರಕಾಶಕ ಮಾತ್ರ ಬೇರೆ ದಾರಿ ಹಿಡಿದ. ‘ಮ್ಯಾಡ್’ ಪತ್ರಿಕೆಯ ಬಿಲ್ ಗೇನ್ಸ್ ತನ್ನ ಇಸಿ ಕಾಮಿಕ್ಸ್‌ನ ಬಹುಪಾಲು ಎಲ್ಲ ಮೂಲಚಿತ್ರಗಳನ್ನೂ ಜೋಪಾನವಾಗಿ ತೆಗೆದಿಟ್ಟ. 1979ರ ಕೊನೆಗೆ ಅವು ಹರಾಜಿಗೆ ಬರತೊಡಗಿದವು. 1950ರ ದಶಕದ ಇಡೀ ಕಥೆಗಳು ಒಂದು ಪುಟವೂ ತಪ್ಪದಂತೆ ಇಂದು ಸಂಗ್ರಾಹಕರ ಕೈಯಲ್ಲಿವೆಯೆಂದರೆ ಅದು ಅವನ ಪುಣ್ಯ.

★ ಜ್ಯಾಕ್ ಕರ್ಬಿಯ ಕಥೆ ನೋವಿನದು. ಹಲ್ಕ್, ಥಾರ್, ಎಕ್ಸ್‌ಮೆನ್ ಮೊದಲಾದವರ ಹುಟ್ಟಿನಲ್ಲಿ ಪಾಲಿದ್ದ ಈ ಕಲಾವಿದ ಮಾರ್ವೆಲ್ ಕಂಪನಿಗಾಗಿ 10 ಸಾವಿರಕ್ಕೂ ಹೆಚ್ಚು ಪುಟ ಬರೆದನೆಂಬ ಅಂದಾಜಿದೆ. 1970ರ ದಶಕದ ನಡುವಿನಿಂದ ದೊಡ್ಡ ಪ್ರಕಾಶಕರು ಮೂಲಚಿತ್ರಗಳನ್ನು ಬರೆದವರಿಗೆ ಹಿಂದಿರುಗಿಸತೊಡಗಿದರು. ಹಳೆಯ ಪುಟಗಳ ಸರದಿ ಬಂದಾಗ ಉಳಿದವರಿಂದ ಒಂದು ಪುಟದ ಒಪ್ಪಿಗೆಪತ್ರ ಕೇಳಿದ ಕಂಪನಿ ಕರ್ಬಿಯ ಮುಂದೆ ನಾಲ್ಕು ಪುಟಗಳ ಕರಾರು ಇಟ್ಟಿತು. ವರ್ಷಗಟ್ಟಲೆ ಜಗ್ಗಾಟ ನಡೆದು, ಸಹಕಲಾವಿದರೆಲ್ಲ ಅವನ ಪರ ದನಿ ಎತ್ತಿ, ಕೊನೆಗೆ 1987ರಲ್ಲಿ ಸುಮಾರು ಎರಡು ಸಾವಿರ ಪುಟ ಅವನ ಕೈ ಸೇರಿದವು. ಉಳಿದವು ಬರಲಿಲ್ಲ. ಹೀಗಾಗಿ ಕರ್ಬಿಯ ಪುಟವೊಂದು ಹರಾಜಿಗೆ ಬಂತೆಂದರೆ ಬಲ್ಲವರು ಮೊದಲು ಕೇಳುವುದು, ಅದು ಯಾರ ಮನೆಯಿಂದ, ಯಾವ ದಾರಿಯಲ್ಲಿ ಬಂತು ಎಂದು. ಕೇಳಲೇಬೇಕಾದ ಪ್ರಶ್ನೆ ಅದು.

★ ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1962ರ ಸಂಚಿಕೆಯ ಮೂಲಪುಟಗಳಿಗೆ ಬೆಲೆಯನ್ನೇ ಕಟ್ಟುವಂತಿಲ್ಲ. ಸ್ಟೀವ್ ಡಿಟ್ಕೊ ಬರೆದ ಆ 24 ಪುಟಗಳನ್ನು 2008ರಲ್ಲಿ ಯಾರೋ ಹೆಸರು ಹೇಳದೆ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ದಾನ ಕೊಟ್ಟರು. ಈಗ ಅವು ಸಾರ್ವಜನಿಕರ ಸೊತ್ತು.

★ ಈ ಲೋಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಹರಾಜು 2014ರದು. ಮಾರ್ವೆಲ್‌ನ ನಾಯಕ ವುಲ್ವರಿನ್ ಮೊತ್ತಮೊದಲು ಮುಖ ತೋರಿಸಿದ್ದು 1974ರ ‘ಇನ್‌ಕ್ರೆಡಿಬಲ್ ಹಲ್ಕ್’ 180ನೇ ಸಂಚಿಕೆಯ ಕೊನೆಯ ಪುಟದಲ್ಲಿ, ಅದೂ ಕೊನೆಯ ಚೌಕದಲ್ಲಿ ಮಾತ್ರ. ಅದನ್ನು ಬರೆದ ಹರ್ಬ್ ಟ್ರಿಂಪೆ 1983ರಲ್ಲಿ ಒಬ್ಬ ಎಳೆಯ ಅಭಿಮಾನಿಗೆ ಪುಟವನ್ನು ಸುಮ್ಮನೆ ಕೊಟ್ಟುಬಿಟ್ಟಿದ್ದರು. ಮೂರು ದಶಕ ಕಳೆದು ಅದು 6,57,250 ಡಾಲರಿಗೆ ಹೋದಾಗ, ಆ ಅಭಿಮಾನಿ ಹೆಚ್ಚಿನ ಪಾಲನ್ನು ಕಷ್ಟದಲ್ಲಿರುವ ಕಾಮಿಕ್ಸ್ ಕಲಾವಿದರಿಗೆ ನೆರವಾಗುವ ‘ಹೀರೋ ಇನಿಶಿಯೇಟಿವ್’ ಸಂಸ್ಥೆಗೆ ಕೊಟ್ಟ. ಉಡುಗೊರೆಯ ಋಣ ತೀರಿಸುವುದು ಎಂದರೆ ಇದು.

★ ಯುರೋಪಿನಲ್ಲಿ ಟಿನ್‌ಟಿನ್‌ಗೆ ಎದುರಿಲ್ಲ. 1936ರಲ್ಲಿ ಟಿನ್‌ಟಿನ್‌ನ ಸೃಷ್ಟಿಕರ್ತ ಎರ್ಜೆ ‘ಬ್ಲೂ ಲೋಟಸ್’ ಪುಸ್ತಕಕ್ಕೆಂದು ಬರೆದ ಮುಖಪುಟ, ಅಷ್ಟೊಂದು ಬಣ್ಣ ಅಚ್ಚು ಮಾಡುವುದು ದುಬಾರಿ ಎಂಬ ಕಾರಣಕ್ಕೆ ತಿರಸ್ಕೃತವಾಗಿತ್ತು. ಅದನ್ನು ಆರು ಮಡಿಕೆ ಮಾಡಿ ಪ್ರಕಾಶಕರ ಪುಟ್ಟ ಮಗನಿಗೆ ಕೊಟ್ಟರೆಂಬ ಕಥೆಯೊಂದಿದೆ. ಕಥೆಯ ಬಗ್ಗೆ ತಕರಾರಿದೆ, ಮಡಿಕೆಯ ಗುರುತುಗಳಂತೂ ಚಿತ್ರದ ಮೇಲಿವೆ. 2021ರ ಜನವರಿಯಲ್ಲಿ ಪ್ಯಾರಿಸ್‌ನ ಆರ್ಟ್‌ಕ್ಯೂರಿಯಲ್‌ನಲ್ಲಿ ಅದಕ್ಕೆ ಬಂದದ್ದು ಸುಮಾರು 31.75 ಲಕ್ಷ ಯೂರೋ.

★ ಇಲ್ಲೊಂದು ಲೆಕ್ಕ ಗಮನಿಸಿ. ಅಂದು ಸುತ್ತಿಗೆ ಬಿದ್ದದ್ದು 26 ಲಕ್ಷ ಯೂರೋಗೆ. ಮಿಕ್ಕದ್ದು ಹರಾಜು ಸಂಸ್ಥೆ ಕೊಳ್ಳುವವರ ಮೇಲೆ ಹಾಕುವ ಶುಲ್ಕ. ಹಾಗಾಗಿ ಎರಡು ಮಾರಾಟಗಳನ್ನು ಹೋಲಿಸುವಾಗ ಶುಲ್ಕ ಸೇರಿದ ಬೆಲೆಯೋ, ಸೇರದ ಬೆಲೆಯೋ ನೋಡಿಕೊಳ್ಳಿ.

★ ಮುಖಪುಟ, ಆಮೇಲೆ ಒಂದೇ ಚಿತ್ರ ತುಂಬಿದ ಒಳಪುಟ, ಆಮೇಲೆ ಚೌಕಗಳ ಪುಟ. ಬೆಲೆ ಸಾಮಾನ್ಯವಾಗಿ ಇಳಿಯುವುದು ಈ ಕ್ರಮದಲ್ಲಿ. ನಾಯಕ ತನ್ನ ವೇಷದಲ್ಲಿದ್ದರೆ ಒಂದು ದರ, ಸೂಟುಬೂಟಿನಲ್ಲಿ ಮಾತಾಡುತ್ತ ನಿಂತಿದ್ದರೆ ಅದಕ್ಕಿಂತ ಕಡಿಮೆ. ನನ್ನ ಕೇಳಿದರೆ, ಕೈ ತುಂಬ ಹಣವಿಲ್ಲದವರು ಆ ಮಾತುಕತೆಯ ಪುಟಗಳನ್ನೇ ಹುಡುಕಬೇಕು. ಮುಖಭಾವ, ಬೆಳಕು, ನಿಂತ ಭಂಗಿ ಎಲ್ಲವನ್ನೂ ಒಳ್ಳೆಯ ಕಲಾವಿದ ಅಲ್ಲಿಯೇ ತೋರಿಸಿರುತ್ತಾನೆ.

★ ಸಾಚಾ ಪುಟವನ್ನು ಗುರುತಿಸಲು ಮೊದಲು ಬೇಕಾದದ್ದು ಒಂದು ಅಳತೆಪಟ್ಟಿ. ಅಮೆರಿಕದ ಕಾಮಿಕ್ಸ್ ಕಲಾವಿದರು 1967ರ ಸುಮಾರಿನವರೆಗೆ ಅಚ್ಚಿನ ಸುಮಾರು ಎರಡರಷ್ಟು ಅಳತೆಯಲ್ಲಿ ಬರೆಯುತ್ತಿದ್ದರು. ಆಮೇಲೆ ಚಿತ್ರದ ಭಾಗ 10×15 ಇಂಚಿಗೆ ಇಳಿಯಿತು. 1963ರದೆಂದು ಹೇಳುವ ಪುಟ ಈ ಚಿಕ್ಕ ಅಳತೆಯಲ್ಲಿದ್ದರೆ ಅನುಮಾನಪಡಲೇಬೇಕು.

★ ಕೊಳಕು ಇಲ್ಲಿ ಒಳ್ಳೆಯ ಲಕ್ಷಣ. ಶಾಯಿಯಡಿ ಉಳಿದ ಪೆನ್ಸಿಲ್ ಗೆರೆ, ತಪ್ಪಿನ ಮೇಲೆ ಬಳಿದ ಬಿಳಿ ಬಣ್ಣ, ಕತ್ತರಿಸಿ ಅಂಟಿಸಿದ ಮಾತಿನ ಬಲೂನು, ಅಂಚಿನಲ್ಲಿ ಸಂಪಾದಕರ ಬರಹ ಇವೆಲ್ಲ ಕೆಲಸ ನಡೆದ ಗುರುತುಗಳು. ಅಡಿಯಿಂದ ದೀಪ ಹಾಕಿ ನಕಲು ತೆಗೆದವನಿಗೆ ರೂಪಕ್ಕಾಗಿ ಹುಡುಕಾಡುವ ಅಗತ್ಯವಿರುವುದಿಲ್ಲ. ಅವನ ಪೆನ್ಸಿಲ್ ಗೆರೆ ಅನುಮಾನ ಬರುವಷ್ಟು ಅಚ್ಚುಕಟ್ಟಾಗಿರುತ್ತದೆ. ತನ್ನ ಹಳೆಯ ಮುಖಪುಟವನ್ನು ಕಲಾವಿದನೇ ಮತ್ತೆ ಬರೆದುಕೊಡುವುದೂ ಉಂಟು. ಅದು ಮೋಸವಲ್ಲ, ಆದರೆ ಅಚ್ಚಿಗೆ ಹೋದ ಪುಟದ ಬೆಲೆ ಅದಕ್ಕಿಲ್ಲ.

★ ಬಣ್ಣ ಎಲ್ಲಿ? ಹಳೆಯ ಅಮೆರಿಕನ್ ಪುಟಗಳಲ್ಲಿ ಬಣ್ಣವೇ ಇರುವುದಿಲ್ಲ, ಬರೀ ಕಪ್ಪು ಶಾಯಿ. ಯಾವ ಜಾಗಕ್ಕೆ ಯಾವ ಬಣ್ಣ ಎಂಬುದನ್ನು ಬೇರೊಂದು ಪ್ರತಿಯ ಮೇಲೆ ತೋರಿಸಿ ಅಚ್ಚುಮನೆಗೆ ಕಳಿಸುತ್ತಿದ್ದರು.

★ ಬಿಸಿಲು ಪರಮ ವೈರಿ. ಒಳ್ಳೆಯ ಇಂಡಿಯಾ ಇಂಕ್ ಬಿಸಿಲಿಗೂ ಜಗ್ಗದು. ಆದರೆ ಮಾರ್ಕರ್ ಪೆನ್ನಿನ ಕಪ್ಪು ಕಂದಾಗುತ್ತದೆ, ಜಲವರ್ಣ ಮಾಸುತ್ತದೆ. ಕಿಟಕಿಯ ಎದುರಿನ ಗೋಡೆಗೆ ಇಂಥ ಚಿತ್ರವನ್ನು ತೂಗುಹಾಕಲೇಬಾರದು.

★ ದಿನಪತ್ರಿಕೆಗಳ ಕಾಮಿಕ್ಸ್ ‘ಕ್ಯಾಲ್ವಿನ್ ಅಂಡ್ ಹಾಬ್ಸ್’ನ ಮೂಲಚಿತ್ರ ಮಾರುಕಟ್ಟೆಯಲ್ಲಿ ಕಾಣುವುದೇ ಅಪರೂಪ. ಅದರ ಕಲಾವಿದ ಬಿಲ್ ವಾಟರ್‌ಸನ್ ತಮ್ಮಲ್ಲಿದ್ದವುಗಳನ್ನೆಲ್ಲ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಕಾರ್ಟೂನ್ ಗ್ರಂಥಾಲಯಕ್ಕೆ ಒಪ್ಪಿಸಿದ್ದಾರೆ. ಗೆಳೆಯರಿಗೆ ಕೊಟ್ಟ ಕೆಲವಷ್ಟೇ ಹೊರಗಿವೆ. ಕೈಯಾರೆ ಬಣ್ಣ ಹಾಕಿದ 1986ರ ಒಂದು ಭಾನುವಾರದ ಚಿತ್ರಪಟ್ಟಿ 2012ರಲ್ಲಿ 2,03,150 ಡಾಲರ್ ತಂದಿತು.

★ ಮೂಲಚಿತ್ರ ಕೊಂಡವರಿಗೆ ಸಿಗುವುದು ಹಾಳೆ ಮಾತ್ರ. ಅದನ್ನು ಅಂಗಿಯ ಮೇಲೋ ಪುಸ್ತಕದಲ್ಲೋ ಅಚ್ಚು ಹಾಕುವ ಹಕ್ಕು ಸಿಗುವುದಿಲ್ಲ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ 53ಎ ಕಲಮಿನ ಪ್ರಕಾರ ಮೂಲ ಚಿತ್ರವೊಂದು 10 ಸಾವಿರ ರೂಪಾಯಿಗೂ ಮೀರಿ ಮರುಮಾರಾಟವಾದರೆ, ಬರೆದವರಿಗೆ ಅಥವಾ ಅವರ ವಾರಸುದಾರರಿಗೆ ಶೇ. 10ರವರೆಗೆ ಪಾಲು ಸಲ್ಲುತ್ತದೆ. ಹಕ್ಕಿನ ಮೊದಲ ಒಡೆಯರು ಅವರೇ ಆಗಿರಬೇಕೆಂಬ ಷರತ್ತಿದೆ. ಕಲಾವಿದರ ಮನೆಯವರು ಈ ಕಲಮನ್ನು ತಿಳಿದಿರಲೇಬೇಕು.

★ ಅಮರ ಚಿತ್ರಕಥೆಯ ಅನಂತ ಪೈ ನಮ್ಮ ಕಾರ್ಕಳದವರು. ‘ಸುಧಾ’ ವಾರಪತ್ರಿಕೆಯಲ್ಲಿ ಫ್ಯಾಂಟಮ್ ಓದಿ ಬೆಳೆದ ಕನ್ನಡಿಗರಿಗೂ ಕಾಮಿಕ್ಸ್ ಹೊಸತಲ್ಲ. ವ್ಯಂಗ್ಯಚಿತ್ರಗಳನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ ಬೆಂಗಳೂರಿನ ಎಂ.ಜಿ. ರಸ್ತೆಯ ಟ್ರಿನಿಟಿ ವೃತ್ತದ ಬಳಿ ಇಂಡಿಯನ್ ಕಾರ್ಟೂನ್ ಗ್ಯಾಲರಿ ಇದೆ. ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ 2007ರಲ್ಲಿ ತೆರೆದದ್ದು.

★ ಇಂದು ಅನೇಕ ಕಲಾವಿದರು ಪರದೆಯ ಮೇಲೆಯೇ ಬರೆಯುತ್ತಾರೆ. ಅಂಥ ಕಾಮಿಕ್ಸ್‌ಗೆ ಮೂಲಪುಟವೇ ಇಲ್ಲ. ಕೆಲವೆಡೆ ಅದಕ್ಕೆ ತದ್ವಿರುದ್ಧ: ಒಬ್ಬರ ಪೆನ್ಸಿಲ್ ಚಿತ್ರವನ್ನು ಸ್ಕ್ಯಾನ್ ಮಾಡಿ, ತೆಳು ನೀಲಿಯಲ್ಲಿ ಮುದ್ರಿಸಿ, ಅದರ ಮೇಲೆ ಇನ್ನೊಬ್ಬರು ಶಾಯಿ ಹಾಕುತ್ತಾರೆ. ಆಗ ಒಂದೇ ಪುಟಕ್ಕೆ ಎರಡು ಮೂಲ! ಕೊಳ್ಳುವ ಮುನ್ನ ಎರಡರಲ್ಲಿ ಯಾವುದನ್ನು ಮಾರುತ್ತಿದ್ದಾರೆಂದು ಕೇಳಿಕೊಳ್ಳಿ.