ಮುಂದಾಳುತನದ ತರಬೇತಿಗೆ ಹೊರಟ ಮಕ್ಕಳಿಗೆ ಹಣದ ದಾರಿ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲೂಕುಗಳು ಕಾಫಿ, ಅಡಿಕೆಯ ನಾಡಲ್ಲ. ಜೋಳ, ಹತ್ತಿ, ಕಬ್ಬಿನ ಸೀಮೆ. ಆದರೂ ವಿದ್ಯಾರ್ಥಿಗಳ ಕೈಹಿಡಿಯುವ ವಿಷಯದಲ್ಲಿ ಅಲ್ಲಿಂದ ನಾವು ಕಲಿಯುವುದಿದೆ. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಬರೆದಿಟ್ಟರು. 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಸ್ಥಾಪಿಸಿ, ಜನರ ವಂತಿಗೆಯಿಂದಲೇ ಬೆಳೆಸಿದರು. ಆ ಸಂಸ್ಥೆಯ ಕಾಲೇಜೊಂದಕ್ಕೆ ಇಂದಿಗೂ ಲಿಂಗರಾಜರ ಹೆಸರಿದೆ.

ಇಂದು ಮಕ್ಕಳಿಗೆ ಬೇಕಾದುದು ಕಾಲೇಜಿನ ಶುಲ್ಕವಷ್ಟೇ ಅಲ್ಲ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಿಗೆ ಕೈಯಿಂದ ಹೆಚ್ಚು ಖರ್ಚಿಲ್ಲ. ಆದರೆ 2008ರಲ್ಲಿ ಮೊದಲ ಸಲ ಹೊರಟ ಜಾಗೃತಿ ಯಾತ್ರೆಯಂಥ ಕಾರ್ಯಕ್ರಮಗಳಿಗೆ ಶುಲ್ಕವಿದೆ. ಸುಮಾರು 500 ಯುವಕ ಯುವತಿಯರು 15 ದಿನ ರೈಲಿನಲ್ಲಿ 8,000 ಕಿಲೋಮೀಟರು ಸುತ್ತಿ, ಹೊಸ ಉದ್ಯಮಗಳನ್ನು ಕಣ್ಣಾರೆ ಕಾಣುವ ಯಾತ್ರೆ ಅದು. ರೈಲು ಹೊರಡುವುದು ವರ್ಷದ ಕೊನೆಗೆ. ಹಣ ಹೊಂದಿಸಬೇಕಾದುದು ಅದಕ್ಕೂ ಮೊದಲು. ಆಗ ನಮ್ಮ ಕಾಫಿ ಗಿಡದಲ್ಲೇ ಇರುತ್ತದೆ, ಅಡಿಕೆ ಮಾರುಕಟ್ಟೆ ಸೇರಿರುವುದಿಲ್ಲ. ಯೋಗ್ಯತೆಯಿದ್ದ ಮಗು ಮನೆಯಲ್ಲಿ ಉಳಿಯುವುದು ಇಲ್ಲಿಯೇ.

ಹಾಗಾದರೆ ವಿದ್ಯಾರ್ಥಿ ಏನು ಮಾಡಬೇಕು?

ಮೊದಲು ಶುಲ್ಕ, ಪ್ರಯಾಣ, ಊಟ, ಬಟ್ಟೆ ಎಂದು ಖರ್ಚಿನ ಪಟ್ಟಿ ಬರೆಯಲಿ. ಮೂರು ತಿಂಗಳು ಮುಂಚೆಯೇ ಕೆಲಸ ಶುರುವಾಗಲಿ. ಎರಡನೆಯದಾಗಿ, ರಿಯಾಯಿತಿ ಇದೆಯೇ ಎಂದು ಸಂಘಟಕರನ್ನೇ ಕೇಳಲಿ. ಕೇಳಲು ನಾಚಿಕೊಂಡು ಅವಕಾಶ ಬಿಡುವವರೇ ಹೆಚ್ಚು.

ಮೂರನೆಯದು ದುಡಿಮೆ. ಅಕ್ಟೋಬರ್ 23ರ ಸುಮಾರಿಗೆ ನಡೆಯುವ ಕಿತ್ತೂರು ಉತ್ಸವ, ಸವದತ್ತಿ ಯಲ್ಲಮ್ಮನ ಜಾತ್ರೆಗಳಲ್ಲಿ ಅಲ್ಲಿನ ಮಕ್ಕಳು ನಾಲ್ಕೈದು ಜನ ಸೇರಿ ಶೇಂಗಾ ಹೋಳಿಗೆ, ರೊಟ್ಟಿ, ಚಟ್ನಿಪುಡಿಯ ಅಂಗಡಿ ಇಡಬಹುದು. ನಮ್ಮ ಮಕ್ಕಳಿಗೆ ಮನೆಯ ಕಾಫಿಪುಡಿ, ಕಾಳುಮೆಣಸು, ಅಡಿಕೆ ಹಾಳೆಯ ತಟ್ಟೆಗಳಿವೆ. ದುಡಿದು ತಂದ ಸಾವಿರ ರೂಪಾಯಿ ಕೈಯಲ್ಲಿದ್ದರೆ, ಉಳಿದುದನ್ನು ಕೇಳುವಾಗ ಮಾತಿಗೆ ತೂಕ ಬರುತ್ತದೆ.

ನಾಲ್ಕನೆಯದು ಊರಿನ ಸಂಸ್ಥೆಗಳು. ಸಹಕಾರ ಸಂಘ, ಹಾಲಿನ ಡೇರಿ, ಹಳೆಯ ವಿದ್ಯಾರ್ಥಿಗಳ ಬಳಗ, ಎಲ್ಲರಿಗೂ ಪ್ರಾಂಶುಪಾಲರ ಪತ್ರ ಹಾಗೂ ಖರ್ಚಿನ ಪಟ್ಟಿ ಸಹಿತ ಒಂದು ಪುಟದ ಅರ್ಜಿ ಕೊಡಲಿ. ಒಬ್ಬರಿಂದ ಹತ್ತು ಸಾವಿರ ಬೇಡುವುದಕ್ಕಿಂತ ನೂರು ಜನರಿಂದ ನೂರು ರೂಪಾಯಿ ಕೇಳುವುದು ಸುಲಭ. ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ.

ಕೊನೆಯದು ಲೆಕ್ಕ. ಕೊಟ್ಟವರಿಗೆಲ್ಲ ರಸೀದಿ ಇರಲಿ. ಹಣ ಹಿರಿಯರೊಬ್ಬರ ಕಣ್ಣೆದುರು ಬ್ಯಾಂಕಿಗೆ ಹೋಗಲಿ. ಉಳಿದ ಹಣ ಮುಂದಿನ ವರ್ಷದ ವಿದ್ಯಾರ್ಥಿಗೆ ಮೀಸಲಾಗಲಿ. ಹಿಂತಿರುಗಿದ ಮೇಲೆ ಊರವರ ಮುಂದೆ ನಿಂತು ಕಂಡದ್ದನ್ನು ಹೇಳಿ, ಊರಿಗಾಗಿ ಒಂದು ಕೆಲಸ ಹಿಡಿಯಲಿ. ಮುಂದಾಳುತನದ ಮೊದಲ ಪಾಠ ಈ ಲೆಕ್ಕ ಒಪ್ಪಿಸುವುದರಲ್ಲೇ ಇದೆ.

ನಮ್ಮ ಸಂಘಗಳಿಗೂ ಒಂದು ಮಾತು. ಬೈಲಾದಲ್ಲಿ ಅವಕಾಶವಿದ್ದರೆ, ಲಾಭದ ಒಂದು ಸಣ್ಣ ಪಾಲನ್ನು ಇದಕ್ಕೆಂದು ತೆಗೆದಿಡುವ ಠರಾವನ್ನು ಮುಂದಿನ ಮಹಾಸಭೆಯಲ್ಲಿ ಮಂಡಿಸೋಣ. ಕೊಯ್ಲಿನ ಹಣ ಬಂದಾಗ ತೀರಿಸುವ ಬಡ್ಡಿಯಿಲ್ಲದ ಮುಂಗಡವಾದರೂ ಸಾಕು. ಅಡಿಕೆ ಸಸಿ ನೆಟ್ಟು ಫಲಕ್ಕೆ ವರ್ಷಗಟ್ಟಲೆ ಕಾಯುವ ನಮಗೆ ಇದು ಹೊಸದೇನಲ್ಲ.