ಸತ್ತ ಮರದ ಮೇಲಿನ ಅಪರೂಪದ ನೊಣಗಳು: ಗುರುತಿಸುವ ಹಾಗೂ ದಾಖಲಿಸುವ ಕ್ರಮ

ಜೈವಿಕ ವೈವಿಧ್ಯ ಅಧಿನಿಯಮ, 2002ರ ಪ್ರಕರಣ 41ರನ್ವಯ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ರಚಿಸಲಾಗುತ್ತದೆ. ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಈ ಸಮಿತಿಗಳ ಮುಖ್ಯ ಕರ್ತವ್ಯ. ಬೆಳೆ, ಜಾನುವಾರು, ಮರಗಳನ್ನು ನಮೂದಿಸುವಾಗ ಸತ್ತ ಮರವನ್ನೇ ಆಶ್ರಯಿಸಿದ ಸಣ್ಣ ಜೀವಿಗಳು ಸುಲಭವಾಗಿ ಬಿಟ್ಟುಹೋಗುತ್ತವೆ. ಅವುಗಳಲ್ಲಿ ನೊಣಗಳೂ ಸೇರಿವೆ.

ಸತ್ತ ಮರದ ಮಹತ್ವ

ಕೆಲವು ಜಾತಿಯ ನೊಣಗಳ ಮರಿಹುಳುಗಳು ನೀರು ನಿಂತು ಕೊಳೆತ ಪೊಟರೆಗಳಲ್ಲಿ ಮಾತ್ರ ಬೆಳೆಯುತ್ತವೆ. ಸ್ಕಾಟ್ಲೆಂಡಿನ ‘ಬ್ಲೆರಾ ಫ್ಯಾಲಾಕ್ಸ್’ ಇದಕ್ಕೆ ಉತ್ತಮ ನಿದರ್ಶನ. ಕಪ್ಪು ಮೈಯ, ಹೊಟ್ಟೆಯ ತುದಿ ಕೆಂಪಾಗಿರುವ ಈ ನೊಣದ ಮರಿಹುಳುಗಳು ಪೈನ್ ಮರದ ಕೊಳೆತ ಬೊಡ್ಡೆಗಳಲ್ಲಿ ವಾಸಿಸುತ್ತವೆ. ದೊಡ್ಡ ಬೊಡ್ಡೆಗಳು ವಿರಳವಾದಂತೆ ಬ್ರಿಟನ್ನಿನಲ್ಲಿ ಈ ನೊಣವೂ ಅಳಿವಿನಂಚಿಗೆ ಸರಿಯಿತು. ಅಲ್ಲಿನ ಸಂರಕ್ಷಕರು ಬೊಡ್ಡೆಗಳಲ್ಲಿ ಗುಳಿ ತೋಡಿ, ಮರದ ಚೂರು ಮತ್ತು ನೀರು ತುಂಬಿ ಕೃತಕ ನೆಲೆ ಒದಗಿಸಿದರು. ಮರಿಹುಳುಗಳನ್ನು ಸಾಕಿ ಕಾಡಿಗೆ ಬಿಟ್ಟರು. 2022ರಲ್ಲಿ ಬೆಳೆದ ನೊಣಗಳು ಅಲ್ಲಿನ ಕಾಡಿನಲ್ಲಿ ಮತ್ತೆ ಕಂಡುಬಂದವು. ಬೊಡ್ಡೆಯನ್ನು ಇದ್ದಲ್ಲಿಯೇ ಉಳಿಸಿಕೊಳ್ಳುವುದು ಇಷ್ಟೆಲ್ಲ ಶ್ರಮಕ್ಕಿಂತ ಸುಲಭ.

ಗುರುತಿಸುವ ಲಕ್ಷಣಗಳು

1. ನೊಣಕ್ಕೆ ಒಂದೇ ಜೊತೆ ರೆಕ್ಕೆ. ಜೇನುನೊಣ ಮತ್ತು ಕಣಜಗಳಿಗೆ ಎರಡು ಜೊತೆ. ಹೆಸರಿನಲ್ಲಿ ‘ನೊಣ’ ಇದ್ದರೂ ಜೇನುನೊಣವು ನೊಣಗಳ ಗುಂಪಿಗೆ ಸೇರುವುದಿಲ್ಲ.
2. ನೊಣದ ರೆಕ್ಕೆಯ ಹಿಂದೆ ಗುಂಡುಸೂಜಿಯ ತಲೆಯಂಥ ಪುಟ್ಟ ಅಂಗವಿರುತ್ತದೆ.
3. ಹಳದಿ-ಕಪ್ಪು ಪಟ್ಟೆ ಕಂಡೊಡನೆ ಕಣಜವೆಂದು ನಿರ್ಧರಿಸಬಾರದು; ಕುಟುಕದ ಹಲವು ನೊಣಗಳೂ ಅದೇ ವೇಷ ತಳೆಯುತ್ತವೆ.
4. ನೊಣದ ಮರಿಹುಳುವಿಗೆ ಕೀಲುಳ್ಳ ಕಾಲುಗಳಿಲ್ಲ. ಪೊಟರೆಯ ನೀರಿನಲ್ಲಿರುವ ಕೆಲವಕ್ಕೆ ಹಿಂಭಾಗದಲ್ಲಿ ಉಸಿರಾಟದ ಕೊಳವೆ ಇರುತ್ತದೆ.

ದಾಖಲಿಸುವ ಕ್ರಮ

ನೊಣವನ್ನು ಮೇಲಿನಿಂದ, ಪಕ್ಕದಿಂದ ಮತ್ತು ಮುಖದ ಕಡೆಯಿಂದ ಛಾಯಾಚಿತ್ರ ತೆಗೆಯಬೇಕು; ರೆಕ್ಕೆಯ ನರಗಳು ಸ್ಪಷ್ಟವಾಗಿ ಕಾಣುವಂತಿರಬೇಕು. ದಿನಾಂಕ, ಸ್ಥಳ, ಮರದ ಹೆಸರು, ಮರ ನಿಂತಿದೆಯೋ ಬಿದ್ದಿದೆಯೋ, ತೇವವಿದೆಯೋ ಎಂಬುದನ್ನು ಬರೆದಿಡಬೇಕು. ಛಾಯಾಚಿತ್ರವೊಂದನ್ನೇ ನಂಬಿ ‘ಅಪರೂಪದ ಜಾತಿ’ ಎಂದು ನಮೂದಿಸಬಾರದು. ಹಲವು ಜಾತಿಗಳನ್ನು ಸೂಕ್ಷ್ಮದರ್ಶಕದಿಂದ ಮಾತ್ರ ಬೇರ್ಪಡಿಸಲು ಸಾಧ್ಯ. ಆದ್ದರಿಂದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗ ಅಥವಾ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ತಜ್ಞರ ಅಭಿಪ್ರಾಯ ಪಡೆಯುವುದು ಸೂಕ್ತ. ಅರಣ್ಯ ಪ್ರದೇಶದಲ್ಲಿ ಅನುಮತಿಯಿಲ್ಲದೆ ಮಾದರಿ ಸಂಗ್ರಹಿಸಬಾರದು.

ಸದಸ್ಯರು ಗಮನಿಸಬೇಕಾದದ್ದು

ರಸ್ತೆ, ಮನೆ, ವಿದ್ಯುತ್ ತಂತಿಗೆ ಅಪಾಯ ಒಡ್ಡುವ ಒಣಮರವನ್ನು ನಿಯಮಾನುಸಾರ ತೆರವುಗೊಳಿಸಲೇಬೇಕು. ಆದರೆ ದೇವರಕಾಡು, ಕೆರೆಯಂಗಳ, ಗೋಮಾಳಗಳಲ್ಲಿ ಯಾರಿಗೂ ತೊಂದರೆಯಾಗದಂತೆ ಬಿದ್ದಿರುವ ದಿಮ್ಮಿ ಮತ್ತು ಬೊಡ್ಡೆಗಳನ್ನು ಸ್ವಚ್ಛತೆಯ ಹೆಸರಿನಲ್ಲಿ ಸುಡುವ ಇಲ್ಲವೇ ಹರಾಜು ಮಾಡುವ ಮುನ್ನ ಸಮಿತಿಯು ಒಮ್ಮೆ ಸ್ಥಳ ಪರಿಶೀಲನೆ ನಡೆಸಿ, ಕಂಡದ್ದನ್ನು ದಾಖಲಾತಿಯಲ್ಲಿ ನಮೂದಿಸುವಂತೆ ಕೋರಲಾಗಿದೆ.